ಹೊನ್ನೂರಮ್ಮನ ನೂರ ನಲವತ್ತನಾಲ್ಕು ದಿನ

ಹೊನ್ನೂರಮ್ಮನನ್ನು ನಾನು ಮೊದಲು ಯೋಗಿನಿ ಎಂದು ತಿಳಿದಿದ್ದೆ. ಈ ತಪ್ಪು ನನ್ನ ತಲೆಯೊಳಗೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕೂಡ್ಲಿಗಿಯಲ್ಲಿ ಇಪ್ಪತ್ತಾರು ವರ್ಷದಿಂದ ಪ್ರೆಸ್ ನಡೆಸುತ್ತಿರುವವನು ನಾನು. ಲಗ್ನಪತ್ರ, ಗೃಹಪ್ರವೇಶ, ಕೈಲಾಸ ಸಮಾರಾಧನೆ, ಯಾರು ಏನು ಬರೆದುಕೊಂಡು ಬಂದರೂ ಅದಕ್ಕೆ ಒಂದು ಕೈ ಹೆಚ್ಚು ಬಣ್ಣ ಹಚ್ಚಿ ಊರಿಗೆ ಹಂಚುವುದು ನನ್ನ ಕಸುಬು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ಹಳೇ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಯಾರದೋ ಮನೆಗೆ ಲಗ್ನಪತ್ರದ ಕಟ್ಟು ಮುಟ್ಟಿಸಿ ವಾಪಸ್ ಬರುತ್ತಿದ್ದೆ. ಒಂದು ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು. ಆ ಕತ್ತಲ ನಡುವೆ ಒಂದೇ ಒಂದು ಮೇಣದಬತ್ತಿ, ಅದರೆದುರು ಚಕ್ಕಳಮಕ್ಕಳ ಹಾಕಿ ಕೂತ, ಐವತ್ತೈದು ದಾಟಿದ ಒಬ್ಬ ಹೆಂಗಸು. ಬೆನ್ನು ನೆಟ್ಟಗೆ. ನೋಟ ಉರಿಯ ಮೇಲೆ. ಹತ್ತು ನಿಮಿಷ ನಿಂತು ನೋಡಿದೆ. ಆಕೆ ರೆಪ್ಪೆ ಬಡಿದದ್ದು ನನಗಂತೂ ಕಾಣಲಿಲ್ಲ. ನಾನು ಅಲ್ಲೇ ಓಣಿಯಲ್ಲಿ, ಎಮ್ಮೆಯ ಸಗಣಿಯ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತೆ.

"ವಾಲೈತಿ," ಎಂದಳು ಆಕೆ, ತಿರುಗದೆಯೇ. "ರೇಣುಕಾ, ಈ ಸಾಲು ಅಷ್ಟೂ ಕರಗಸು."

ಇದನ್ನೂ ನಾನು ಬೆಡಗಿನ ಮಾತು ಎಂದೇ ತಿಳಿದೆ. ಸಾಲು ಎಂದರೆ ಜನ್ಮಗಳ ಸಾಲು, ಕರಗಿಸುವುದು ಎಂದರೆ ಕರ್ಮ, ಎಂದೆಲ್ಲ ಲೆಕ್ಕ ಹಾಕುವಷ್ಟರಲ್ಲಿ ಆಕೆ ಎದ್ದು ಬಾಗಿಲಿಗೆ ಬಂದಳು.

"ಯಾರ್ರಿ ಅದು? ಚಪ್ಪಲಿ ಯಾಕ ಬಿಟ್ಟೀರಿ? ನಮ್ಮ ಮನ್ಯಾಗ ಯಾರೂ ಸತ್ತಿಲ್ಲ."

ಹೊನ್ನೂರಮ್ಮ ಮೇಣದಬತ್ತಿ ಮಾಡುವವಳು. ಅಚ್ಚಿನ ಒಂದೊಂದು ಸಾಲಿನಿಂದಲೂ ಒಂದು ಬತ್ತಿ ತೆಗೆದು, ಬಾಗಿಲು ಓರೆ ಮಾಡಿ, ಉರಿಸಿ ನೋಡುತ್ತಾಳೆ. ಉರಿ ಒಂದು ಕಡೆ ವಾಲಿದರೆ ನೂಲು ನಡುವೆ ಕೂತಿಲ್ಲ. ಚಟಚಟ ಎಂದರೆ ನೂಲಿಗೆ ತೇವ ತಾಗಿದೆ. ಕಪ್ಪು ಹೊಗೆ ಬಂದರೆ ನೂಲು ದಪ್ಪ. ಮೈಮೇಲೆ ಮೇಣ ಇಳಿದರೆ ಅದಕ್ಕೆ ಆಕೆ "ಅಳ್ತೈತಿ" ಎನ್ನುತ್ತಿದ್ದಳು. ಅಳುವ ಬತ್ತಿಯನ್ನು ಆಕೆ ಯಾರಿಗೂ ಮಾರಿದವಳಲ್ಲ. ರೆಪ್ಪೆ ಬಡಿಯದೆ ಕೂತದ್ದು ಇದಕ್ಕೆ. ಬಡಿದರೆ ಆ ಹೊತ್ತಿನಲ್ಲೇ ಉರಿ ವಾಲಿ ನೆಟ್ಟಗಾಗಿಬಿಡುತ್ತದಂತೆ.

ಇಷ್ಟು ತಿಳಿದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಮರುದಿನ ಚಹಾದಂಗಡಿಯಲ್ಲಿ ಕೂತು, "ಮೇಣದಬತ್ತಿ ಮಾಡೂದು ಒಂದು ನೆಪ. ಆಕಿ ಕೂತ ಭಂಗಿ ನೋಡಿದ್ರ ನಿಮಗ ಗೊತ್ತಾಗ್ತಿತ್ತು," ಎಂದು ಹೇಳಿದೆ. ನನ್ನ ಹೆಂಡತಿ ಕಲ್ಯಾಣಮ್ಮನಿಗೆ ಇದು ಸಂಜೆಯೊಳಗೆ ಮೂರು ಬಾಯಿ ದಾಟಿ ತಲುಪಿತು.

"ಇಪ್ಪತ್ತಾರು ವರ್ಷ ಮಂದಿ ಮದುವಿಗೆ ಸುಳ್ಳು ಬರದ್ರಿ. ಈಗ ಸುಮ್ಮನ ಕುಂತ ಹೆಣಮಕ್ಕಳಿಗೂ ಸುರು ಮಾಡಿದ್ರೇನು?" ಎಂದಳು ಆಕೆ.

ಹೊನ್ನೂರಮ್ಮ ಹುಟ್ಟಿದ್ದು ಬಾಗಳಿಯಲ್ಲಿ. ಕೂಡ್ಲಿಗಿಗೆ ಬಂದದ್ದು ಕುರಿ ಸಾಕುವ ಬಂಗಾರಪ್ಪನನ್ನು ಮದುವೆಯಾಗಿ. ಬಂಗಾರಪ್ಪ ದೀಪಾವಳಿ ಕಳೆದ ಮೇಲೆ ಕುರಿ ಹೊಡೆದುಕೊಂಡು ಹೊರಟರೆ ಮುಂಗಾರು ಬೀಳುವ ತನಕ ಮನೆಯ ಕಡೆ ಮುಖ ಹಾಕುವುದಿಲ್ಲ. ಮಗ ಅಪ್ಪನ ಹಿಂದೆಯೇ. ಮನೆಯಲ್ಲಿ ಉಳಿಯುವವರು ಅತ್ತೆ, ಸೊಸೆ ರೇಣುಕಾ. ಇಪ್ಪತ್ತು ವರ್ಷದ ಹಿಂದೆ ಹರಪನಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಹತ್ತು ದಿನದ ತರಬೇತಿ ಇಟ್ಟಿದ್ದರು. ಮೂವತ್ತು ಜನ ಮೇಣದಬತ್ತಿ ಕಲಿತರು. ಇಪ್ಪತ್ತೊಂಬತ್ತು ಜನ ಫೋಟೊ ತೆಗೆಸಿಕೊಂಡು ಮನೆಗೆ ಹೋದರು. ಹೊನ್ನೂರಮ್ಮ ಅಚ್ಚು ತೆಗೆದುಕೊಂಡು ಹೋದಳು.

ಆಗ ಕರೆಂಟು ಬಂದರೆ ಸುದ್ದಿ. ಆಕೆಯ ಬತ್ತಿಗೆ ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಕಿರಾಣಿ ಅಂಗಡಿಗಳಲ್ಲೂ ಹೆಸರಿತ್ತು. ರಟ್ಟಿನ ಪೆಟ್ಟಿಗೆ ತಲೆಯ ಮೇಲಿಟ್ಟು ಬಸ್ ಹತ್ತುತ್ತಿದ್ದಳು. ಕಂಡಕ್ಟರು ಲಗೇಜು ಕೇಳಿದರೆ, "ನಿನ್ನ ಮನ್ಯಾಗ ಕರೆಂಟ್ ಹೋಗಂಗಿಲ್ಲೇನಪ್ಪ?" ಎನ್ನುತ್ತಿದ್ದಳಂತೆ. ಆಮೇಲೆ ಇನ್ವರ್ಟರ್ ಬಂತು. ಅದರ ಹಿಂದೆ ಮೊಬೈಲಿನಲ್ಲೇ ಬ್ಯಾಟರಿ ದೀಪ ಬಂತು. ಮೇಣದಬತ್ತಿ ಹುಟ್ಟುಹಬ್ಬದ ಕೇಕಿನ ಮೇಲೆ ನಿಲ್ಲುವ ಕಿರುಬೆರಳಷ್ಟಾಯಿತು. ಆಕೆ ಅದನ್ನೂ ಮಾಡಿದಳು, ಅದನ್ನೂ ಉರಿಸಿ ನೋಡಿದಳು.

ನಾನು ಕೈ ಮುಗಿದು ನಿಂತ ಆ ಸಂಜೆಗಿಂತ ನಾಲ್ಕು ತಿಂಗಳ ಮೊದಲು ಊರಿಗೆ ಕಣ್ಣಿನ ತಪಾಸಣೆಯವರು ಬಂದಿದ್ದರು. ಕನ್ನಡಕ ಸಿಕ್ಕೀತೆಂದು ಹೋದ ಹೊನ್ನೂರಮ್ಮನಿಗೆ ಸಿಕ್ಕಿದ್ದು ಬೇರೆ. ಕಣ್ಣೊಳಗೆ ಒತ್ತಡ ಏರಿದೆ, ನರ ಸಾಯುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕಾದರೆ ದಿನಕ್ಕೆರಡು ಹೊತ್ತು ಈ ಹನಿ ಬಿಡಬೇಕು, ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಬಾಟಲಿ ತಣ್ಣಗಿರಬೇಕು ಎಂದಿದ್ದರು. ಫ್ರಿಜ್ ಇಲ್ಲದ ಮನೆ. ರೇಣುಕಾ ನೀರಿನ ಮಡಕೆಯ ಬುಡದ ಹಸಿ ಮರಳಿನಲ್ಲಿ ಬಾಟಲಿ ಹೂತಿಟ್ಟು, ಬೆಳಿಗ್ಗೆ ಸಂಜೆ ಅತ್ತೆಯ ತಲೆಯನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಹನಿ ಬಿಡುತ್ತಿದ್ದಳು.

"ಕೈಕಾಲು ಹೋದ್ರೂ ನಡೀತೈತ್ರಿ," ಎಂದಿದ್ದಳು ಹೊನ್ನೂರಮ್ಮ ನನಗೆ ಮೊದಲ ಸಲ ಈ ವಿಷಯ ಹೇಳುವಾಗ. "ಕಣ್ಣು ಹೋದ್ರ ನೂಲು ಹೆಂಗ ಪೋಣಿಸ್ಲಿ? ಉರಿ ಹೆಂಗ ನೋಡ್ಲಿ? ಅದೊಂದು ಉಳದ್ರ ಸಾಕು."

ಚಹಾದಂಗಡಿಯ ಮಾತು ಒಂದು ವಾರದಲ್ಲಿ ಗುರುಬಸವರಾಜರಿಗೆ ಮುಟ್ಟಿತು. ಅವರು ಕರೆಂಟ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯಾದ ವರ್ಷ ಎಲ್ಲಿಗೋ ಹೋಗಿ ಹನ್ನೊಂದು ದಿನ ಮೌನವಿದ್ದು ಬಂದರು. ಬಂದ ಮೇಲೆ ಮಾತು ನಿಲ್ಲಿಸಲಿಲ್ಲ. ಗೊಬ್ಬರದಂಗಡಿಯ ಮಹಡಿಯಲ್ಲಿ "ಜ್ಯೋತಿ ಧ್ಯಾನ ಕೇಂದ್ರ" ಎಂದು ಬೋರ್ಡು ತೂಗುಹಾಕಿದರು. ಮೇಣದಬತ್ತಿಯ ಉರಿಯನ್ನು ರೆಪ್ಪೆ ಬಡಿಯದೆ ನೋಡುವುದು, ಕಣ್ಣು ಮುಚ್ಚಿ ಅದೇ ಉರಿಯನ್ನು ಹುಬ್ಬುಗಳ ನಡುವೆ ಕಾಣುವುದು, ಇಷ್ಟೇ ಅಲ್ಲಿನ ಪಾಠ. ಇದರಲ್ಲಿ ತಪ್ಪೇನೂ ಇಲ್ಲ. ನಾನೂ ಸೇರಿದೆ. ನನಗೆ ಕಣ್ಣು ಮುಚ್ಚಿದಾಗ ಹುಬ್ಬುಗಳ ನಡುವೆ ಕಂಡದ್ದು, ಹಿಂದಿನ ದಿನ ಅಚ್ಚಾದ ಲಗ್ನಪತ್ರದಲ್ಲಿ ವರನ ತಂದೆಯ ಜಾಗದಲ್ಲಿ ವಧುವಿನ ತಂದೆಯ ಹೆಸರು.

ಬತ್ತಿಗಳು ಹೊನ್ನೂರಮ್ಮನ ಮನೆಯಿಂದಲೇ ಬರತೊಡಗಿದವು. ಗುರುಗಳು ಸ್ವತಃ ಹೋಗಿ, "ನೀವು ಬರೇ ಬತ್ತಿ ಕೊಟ್ರ ಸಾಲದು ತಾಯಿ, ನೀವೂ ಬಂದು ಕೂಡ್ರಬೇಕು," ಎಂದು ಕರೆದರು. ಆಕೆ ಬಂದಳು. ಯಾಕೆ ಬಂದಳೆಂದು ಆಮೇಲೆ ಹೇಳಿದಳು: ಇಪ್ಪತ್ತೆರಡು ಬತ್ತಿ ಒಂದೇ ಕೋಣೆಯಲ್ಲಿ ಒಟ್ಟಿಗೆ ಉರಿಯುವುದನ್ನು ಆಕೆ ಎಂದೂ ನೋಡಿರಲಿಲ್ಲ, ಯಾವುದು ಅಳುತ್ತದೋ ನೋಡಬೇಕಿತ್ತು.

ಮೊದಲ ದಿನದ ತರಗತಿ ನಮ್ಮೂರಿಗೆ ತಕ್ಕಂತೆ ನಡೆಯಿತು. ಬರಿಗೈಯಲ್ಲಿ ಬನ್ನಿ ಎಂದಿದ್ದರು ಗುರುಗಳು. ಉರಿಯ ಮುಂದೆ ಬರಿಗೈಯಲ್ಲಿ ಕೂತು ಗೊತ್ತಿಲ್ಲದ ಜನ ನಾವು. ಹೆಂಗಸರು ಮೇಣದಬತ್ತಿಗೆ ವಿಭೂತಿ ಎಳೆದು ಕುಂಕುಮವಿಟ್ಟರು. ಒಬ್ಬರು ಅದರ ಕೊರಳಿಗೆ ಮಲ್ಲಿಗೆ ಸುತ್ತಿದರು, ಮಲ್ಲಿಗೆ ಹೊತ್ತಿಕೊಂಡಿತು. ಹಿಂದಿನ ಸಾಲಿನ ಒಬ್ಬ ಹಿರಿಯರು ಶುಭಾರಂಭವೆಂದು ಕಾಯಿ ಒಡೆದದ್ದಕ್ಕೆ ಮುಂದಿನ ಸಾಲಿನ ನಾಲ್ಕು ಜ್ಯೋತಿಗಳು ಕಾಯಿನೀರಿನಲ್ಲಿ ಐಕ್ಯವಾದವು. ಇಷ್ಟೆಲ್ಲ ಮುಗಿದು ಧ್ಯಾನವೂ ಆಗಿ, ಗುರುಗಳು, "ಈಗ ಎಲ್ಲರೂ ಊದಿ ಆರಿಸಿ," ಎಂದರು. ಯಾರೂ ಅಲುಗಲಿಲ್ಲ. ಬಾಯಿಂದ ಊದಿ ದೀಪ ಆರಿಸುವವರು ನಮ್ಮಲ್ಲಿಲ್ಲ. ಬತ್ತಿಗಳು ತಾವಾಗಿ ಮುಗಿಯಲಿ ಎಂದು ಎಲ್ಲರೂ ಕೂತೇ ಇದ್ದೆವು. ಕೊನೆಗೆ ಹೊನ್ನೂರಮ್ಮ ಎದ್ದಳು. ಎರಡು ಬೆರಳು ನೀರಿಗೆ ಅದ್ದಿ, ಸಾಲು ಸಾಲಾಗಿ ನಡೆದು, ಒಂದೊಂದು ಉರಿಯನ್ನೂ ಚಿವುಟಿ ಶಾಂತ ಮಾಡಿದಳು.

"ಹನ್ನೊಂದನೇದು ಅಳ್ತಿತ್ತು. ನಾಳಿ ಬದ್ಲಿ ತರ್ತೀನಿ," ಎಂದು ಗುರುಗಳಿಗೆ ಹೇಳಿ ಮನೆಗೆ ಹೋದಳು.

ಆ ವಾರವೇ ಕೇಂದ್ರಕ್ಕೆ ಒಂದು ಕರಪತ್ರ ಬೇಕೆಂದು ಗುರುಬಸವರಾಜರು ಪ್ರೆಸ್ಸಿಗೆ ಬಂದರು. ಒಂದು ಹಾಳೆಯಲ್ಲಿ ಆರೇಳು ಮಾತು ಗೀಚಿಕೊಂಡು ಬಂದಿದ್ದರು. ಅದರಲ್ಲಿ ಒಂದು: "ಕಾಡಿಗೆ ಹಚ್ಚಿಕೊಂಡು ಬರಬೇಡಿ, ಕಣ್ಣೀರು ಬಂದು ಮುಖ ಕಪ್ಪಾಗುತ್ತದೆ." ಇನ್ನೊಂದು: "ಕಣ್ಣಿಗೆ ಒಳ್ಳೆಯದು."

ಇಷ್ಟು ಬಡಕಲಾದ ಮಾತನ್ನು ಅಚ್ಚು ಹಾಕಿದರೆ ನನ್ನ ಪ್ರೆಸ್ಸಿನ ಮಾನವೇನಾಗಬೇಕು? ನಾನು ಅದನ್ನು ಹೀಗೆ ತಿದ್ದಿದೆ: "ಸಾಧನೆಯ ನಲವತ್ತೆಂಟು ದಿನಗಳ ಪರ್ಯಂತ ನೇತ್ರಗಳಿಗೆ ಯಾವುದೇ ದ್ರವ್ಯವನ್ನು ಸೋಕಿಸತಕ್ಕದ್ದಲ್ಲ. ಈ ನಿಯಮವನ್ನು ಪಾಲಿಸಿದವರ ಸಕಲ ನೇತ್ರದೋಷಗಳೂ ನಿವಾರಣೆಯಾಗಿ ದೃಷ್ಟಿಯು ದಿವ್ಯವಾಗುವುದು." ನಲವತ್ತೆಂಟು ದಿನ ಎಂಬುದು ಅವರ ಹಾಳೆಯಲ್ಲಿ ಇರಲೇ ಇಲ್ಲ. ಸಾಲಿಗೆ ಒಂದು ತೂಕ ಬೇಕಿತ್ತು, ಹಾಕಿದೆ. ಗುರುಗಳು ಎರಡು ಸಲ ಓದಿ, "ನಾನು ಇಷ್ಟು ಹೇಳಿದ್ನೇನ್ರಿ? ಭಾಳ ಚಲೋ ಹೇಳೀನಿ," ಎಂದರು. ಕೊನೆಯಲ್ಲಿ, ಎಂದಿನಂತೆ, "ಬರಹ ಮತ್ತು ಮುದ್ರಣ" ಎಂದು ನನ್ನ ಹೆಸರು ಹಾಕಿಕೊಂಡೆ.

ಕರಪತ್ರ ಹಂಚಿದ ಎರಡನೇ ದಿನ ರೇಣುಕಾ ಪ್ರೆಸ್ಸಿಗೆ ಬಂದಳು. ಆಕೆ ಏಳನೇ ಇಯತ್ತೆ ಓದಿದವಳು. ಅತ್ತೆಗೆ ಕರಪತ್ರ ಓದಿ ಹೇಳಿದವಳೂ ಆಕೆಯೇ.

"ಅಣ್ಣಾರ, ಇದ್ರಾಗ ಕಣ್ಣಿಗೆ ಏನೂ ಸೋಕಿಸಬಾರ್ದು ಅಂತ ಐತಲ್ರಿ. ಅದು ಕಾಡಿಗಿಗೆ ಅಷ್ಟ ಏನು, ನಮ್ಮತ್ತಿ ಹನಿಗೂ ಏನು?"

ಕಾಡಿಗೆಗೆ ಅಷ್ಟೇ ಎಂದಿದ್ದರೆ ಮುಗಿಯುತ್ತಿತ್ತು. ಎರಡು ಪದ. ಆದರೆ ಆಗ ನನ್ನ ದೊಡ್ಡ ವಾಕ್ಯ ಮುಖ ಕಪ್ಪಾಗುವ ಮಾತಿಗೆ ಇಳಿದುಬಿಡುತ್ತಿತ್ತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಬೇರೆ ಕೂತಿದ್ದರು.

"ಸಾಧನೆ ಅಂದ ಮ್ಯಾಲ ನಿಯಮ ನಿಯಮನ ಅಲ್ಲೇನವ್ವ? ಬೇಕಿದ್ರ ಗುರುಗಳನ್ನ ಒಂದು ಮಾತು ಕೇಳು," ಎಂದೆ.

ಆಕೆ ಹೋಗಿ ಕೇಳಿದಳು. ಗುರುಗಳು ಕರಪತ್ರ ತೆಗೆದು ನೋಡಿ, "ಇದ್ರಾಗ ಏನೈತೋ ಅದ ನಂದು ಮಾತು. ಔಷಧ ಬಿಡ್ರಿ ಅಂತ ನಾ ಹೇಳಾಂವಲ್ಲ, ತಗೊಳ್ರಿ ಅಂತನೂ ಹೇಳಾಂವಲ್ಲ. ನಂಬಿಕಿ ಇದ್ದೋರಿಗೆ ಸಾಧನೆ, ಇಲ್ಲದೋರಿಗೆ ಔಷಧ," ಎಂದರಂತೆ. ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಡತದ ಮೇಲೆ ಇದನ್ನೇ ಬರೆದು ರೂಢಿ ಅವರಿಗೆ.

ರೇಣುಕಾ ಇಷ್ಟನ್ನೂ ಮನೆಯಲ್ಲಿ ಹೇಳಿ, "ಅತ್ತಿ, ಡಾಕ್ಟ್ರು ಒಂದಿನ ಸತೇಕ ತಪ್ಪಿಸಬ್ಯಾಡ ಅಂದಾರ," ಎಂದು ಬಾಟಲಿ ಕೈಗೆತ್ತಿಕೊಂಡಳು.

"ನೇಮ ಹಿಡದ ಮ್ಯಾಲ ಮುಗೀತವ್ವ," ಎಂದಳು ಹೊನ್ನೂರಮ್ಮ. "ನಲವತ್ತೆಂಟು ದಿನ. ಹೂಂ ಅನ್ನೂದ್ರಾಗ ಹೋಗ್ತಾವ. ಹನಿ ಇದ್ದದ್ದು ಉಳಸ್ತೈತಿ ಅಂದಾರ ಡಾಕ್ಟ್ರು. ಇದು ಇರ್ಲಾರದ್ದೂ ಕೊಡ್ತೈತಿ ಅಂತ ಬರದೈತಿ."

ನೇಮ ಎಂಬ ಮಾತು ಆ ಮನೆಯಲ್ಲಿ ಸಣ್ಣದಲ್ಲ. ಮಗನಿಗೆ ಕಾಮಾಲೆಯಾದಾಗ ಬಂಗಾರಪ್ಪ ಮನೆದೇವರು ಬೀರಲಿಂಗೇಶ್ವರನಿಗೆ ಒಂದು ವರ್ಷ ಬರಿಗಾಲು ನಡೆಯುತ್ತೇನೆಂದು ಹೇಳಿಕೊಂಡಿದ್ದ. ಜಾಲಿಮುಳ್ಳು ಪಾದದ ಈ ಕಡೆ ಹೊಕ್ಕು ಆ ಕಡೆ ಹೊರಟಾಗಲೂ, ಮುಳ್ಳು ಕಿತ್ತು ಮುಂದೆ ನಡೆದನೇ ಹೊರತು ಚಪ್ಪಲಿ ಮೆಟ್ಟಲಿಲ್ಲ. ಇಂಥ ಮನೆಗೆ ಹೋಗಿ ನಾನು ಸಾಲಿನ ತೂಕಕ್ಕಾಗಿ ನಲವತ್ತೆಂಟು ದಿನ ಇಟ್ಟು ಬಂದಿದ್ದೆ. ಲಗ್ನಪತ್ರದಲ್ಲಿ "ಸಕುಟುಂಬ ಸಪರಿವಾರ ಸಮೇತರಾಗಿ ಮೂರು ದಿನ ಮುಂಚಿತವಾಗಿ" ಎಂದು ಬರೆದರೆ ಯಾರೂ ಮೂರು ದಿನ ಮುಂಚೆ ಬರುವುದಿಲ್ಲ. ನನ್ನ ಬರಹವನ್ನು ಬರೆದ ಹಾಗೆಯೇ ನಂಬಿದವಳು ಇಪ್ಪತ್ತಾರು ವರ್ಷದಲ್ಲಿ ಹೊನ್ನೂರಮ್ಮ ಒಬ್ಬಳೇ.

ಹನಿ ನಿಂತಿತು. ರೇಣುಕಾ ಮಾತ್ರ ಬಾಟಲಿಯ ಮೇಲಿನ ಮರಳಿಗೆ ದಿನಾ ನೀರು ಚಿಮುಕಿಸುತ್ತಿದ್ದಳು.

ಒಂದೂವರೆ ತಿಂಗಳು ಕಳೆಯಿತು. ನಲವತ್ತೆಂಟನೇ ದಿನ ಗುರುಗಳು ಒಬ್ಬೊಬ್ಬರನ್ನೇ ಅನುಭವ ಕೇಳಿದರು. ಒಬ್ಬರಿಗೆ ನೇರಳೆ ಬಣ್ಣ ಕಂಡಿತ್ತು. ಒಬ್ಬರಿಗೆ ತೀರಿಕೊಂಡ ಅಜ್ಜ ಕಂಡಿದ್ದ. ನಾನು "ಪ್ರಶಾಂತತೆ" ಎಂದೆ. ಹೊನ್ನೂರಮ್ಮನ ಸರದಿ ಬಂತು.

"ಏನು ಕಾಣ್ತೈತಿ ತಾಯಿ?"

"ಉರಿ ಕಾಣ್ತೈತ್ರಿ."

"ಉರಿಯ ಆಚೀಚಿ?"

"ಏನಿಲ್ರಿ. ಕರ್ರಗ."

"ಪಕ್ಕದಾಗ ಕುಂತೋರು?"

"ಇಲ್ರಿ. ಮೊದಲ ಕಾಣ್ತಿದ್ರು. ಈಗೀಗ ಉರಿ ಒಂದ ಕಾಣ್ತೈತ್ರಿ. ಅದು ಮಾತ್ರ ಚಲೋ ಕಾಣ್ತೈತಿ."

ಗುರುಬಸವರಾಜರ ಕಣ್ಣಲ್ಲಿ ನೀರು ಬಂತು. "ಕೇಳಿದ್ರಾ?" ಎಂದರು ನಮ್ಮ ಕಡೆ ತಿರುಗಿ. "ಉರಿ ಒಂದನ್ನ ಬಿಟ್ಟು ಜಗತ್ತು ಮರೆಯಾಗಬೇಕು ಅಂತ ನಾನು ಬಡ್ಕೊಂಡೆ. ನಿಮಗ ಹೊರಗಿನ ಬೋಂಡಾದ ವಾಸನಿ ಬಿಡಲಿಲ್ಲ. ಆಕಿಗೆ ಅಕ್ಷರ ಬರಂಗಿಲ್ಲ, ನೋಡ್ರಿ ಆಕಿ ಎಲ್ಲಿ ಮುಟ್ಟ್ಯಾಳ!"

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೊನ್ನೂರಮ್ಮ ಚಪ್ಪಾಳೆ ಯಾವ ಕಡೆಯಿಂದ ಬರುತ್ತಿದೆ ಎಂದು ತಲೆಯನ್ನು ಪೂರ್ತಿ ತಿರುಗಿಸಿ ನೋಡಿದಳು. ಆ ಕಾಯಿಲೆ ಹಾಗೆಯೇ ಬರುತ್ತದೆ ಎಂದು ನನಗೆ ಈಗ ಗೊತ್ತು. ಸುತ್ತಲಿನದನ್ನು ಮೊದಲು ತಿನ್ನುತ್ತದೆ, ನಟ್ಟನಡುವಿನದನ್ನು ಕೊನೆಗೆ ಇಡುತ್ತದೆ. ಉರಿ ಚೆನ್ನಾಗಿ ಕಾಣುತ್ತಲೇ ಇರುತ್ತದೆ. ಆಕೆಯ ಕಣ್ಣು ಹೋಗುತ್ತಿರುವುದನ್ನು ನಾವು ಇಪ್ಪತ್ತೊಂದು ಜನ ಎದುರಿಗೆ ಕೂತು ಸಾಧನೆ ಎಂದು ಹೊಗಳಿದೆವು.

ಹೊಗಳಿಕೆ ಕೇಳಿದ ಮೇಲೆ ಆಕೆ ಎರಡನೆಯ ನಲವತ್ತೆಂಟು ಹಿಡಿದಳು. ಆಮೇಲೆ ಮೂರನೆಯದು. ಬೀದಿಯಲ್ಲಿ ಎದುರಾದವರನ್ನು ಮಾತಾಡಿಸುತ್ತಿರಲಿಲ್ಲ. ವೈರಾಗ್ಯ ಬಂದಿದೆ ಎಂದರು ಕೆಲವರು, ಶಾಲು ಹೊದಿಸುವ ಮೊದಲೇ ಸೊಕ್ಕು ಬಂದಿದೆ ಎಂದರು ಉಳಿದವರು. ಒಂದು ದಿನ ನಮ್ಮ ಮನೆಗೆ ಬಂದಾಗ ಕಲ್ಯಾಣಮ್ಮ ಎಲೆಅಡಿಕೆ ತಟ್ಟೆಯನ್ನು ಪಕ್ಕದಿಂದ ಚಾಚಿದಳು. ಹೊನ್ನೂರಮ್ಮನ ಮೊಳಕೈ ತಾಗಿ ತಟ್ಟೆ ನೆಲಕ್ಕೆ ಬಿತ್ತು.

ಆಕೆ ಹೋದ ಮೇಲೆ ಕಲ್ಯಾಣಮ್ಮ, "ಆಕಿಗೆ ಬಾಜೂದು ಕಾಣವಲ್ದು ನೋಡ್ರಿ. ಯಾರಾರ ದಾವಣಗೆರೆಗೆ ಕರ್ಕಂಡು ಹೋಗ್ರಿ," ಎಂದಳು.

"ಅದು ಅಂತರ್ಮುಖತೆ," ಎಂದೆ ನಾನು.

"ನಿಮ್ಮ ತಲಿ!" ಎಂದಳು ಕಲ್ಯಾಣಮ್ಮ.

ಮೂರನೆಯ ಮಂಡಲ ಮುಗಿದ ದಿನ ಕೇಂದ್ರದಲ್ಲಿ ಸನ್ಮಾನ ಇಟ್ಟರು. ಬ್ಯಾನರು ನನ್ನದೇ: "ಜ್ಯೋತಿ ಸಾಧಕಿ ಶ್ರೀಮತಿ ಹೊನ್ನೂರಮ್ಮನವರಿಗೆ ಭಕ್ತಿಪೂರ್ವಕ ಗೌರವ ಸಮರ್ಪಣೆ". ಮೊಳಕಾಲೆತ್ತರದ ವೇದಿಕೆ ಹಾಕಿದ್ದರು. ಸಂಜೆ ಐದರ ಬೆಳಕು, ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು. ಗುರುಗಳು ಶಾಲು ಹೊದಿಸಿ, ಹಾರ ಹಾಕಿ, ಆಕೆಯ ದೃಷ್ಟಿ ಹೇಗೆ ದಿವ್ಯವಾಯಿತೆಂದು ಇಪ್ಪತ್ತು ನಿಮಿಷ ಮಾತಾಡಿದರು. ನನ್ನ ಕರಪತ್ರದ ವಾಕ್ಯವನ್ನು ಇದ್ದದ್ದು ಇದ್ದ ಹಾಗೆಯೇ ಹೇಳಿದರು. ನಾನು ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆಯಿಂದಲ್ಲ, ವಿನಯದಿಂದ.

ಮಾತು ಮುಗಿದು ಹೊನ್ನೂರಮ್ಮ ತನ್ನ ಜಾಗಕ್ಕೆಂದು ಎಡಕ್ಕೆ ತಿರುಗಿ ಕಾಲಿಟ್ಟಳು. ಎಡಗಡೆ ವೇದಿಕೆ ಮುಗಿದಿತ್ತು.

ಬಿದ್ದ ಸದ್ದಿಗೆ ಎದ್ದವರಲ್ಲಿ ಮೊದಲು ಓಡಿದವಳು ರೇಣುಕಾ. ಅತ್ತೆಯ ಮುಂಗೈ ಮುರಿದಿತ್ತು. ಹಿಂದಿನ ಸಾಲಿನಿಂದ ಯಾರೋ, "ಭಾವಾವೇಶ, ಭಾವಾವೇಶ, ಮುಟ್ಟಬ್ಯಾಡ್ರಿ," ಎಂದು ಕೂಗಿದರು.

"ನಿಮ್ಮ ಭಾವಾವೇಶದ ಬಾಯಿಗೆ ಮಣ್ಣು ಬೀಳ್ಲಿ!" ಎಂದಳು ರೇಣುಕಾ. ಆ ದಿನದ ಭಾಷಣಗಳಲ್ಲಿ ನೆನಪಿಡುವಂಥದ್ದು ಅದೊಂದೇ.

ದಾವಣಗೆರೆಗೆ ಕರೆದುಕೊಂಡು ಹೋಗುವಾಗ ನಾನೂ ಜೊತೆಗಿದ್ದೆ. ಕೈಗೆ ಪಟ್ಟಿ ಹಾಕಿದವರು, ಬಾಗಿಲ ಚೌಕಟ್ಟಿಗೂ ಆಕೆ ಹಾಯುವುದನ್ನು ನೋಡಿ ಕಣ್ಣಿನವರ ಹತ್ತಿರ ಕಳಿಸಿದರು. ಕಣ್ಣಿನ ಡಾಕ್ಟರು ಹೆಣ್ಣುಮಗಳು, ಸಣ್ಣ ವಯಸ್ಸು. ತುಂಬ ಹೊತ್ತು ನೋಡಿದರು. ಆಮೇಲೆ ಹಳೆಯ ಚೀಟಿ ಕೇಳಿ ಓದಿದರು.

"ಹನಿ ಬರೆದುಕೊಟ್ಟಿದ್ದಾರಲ್ಲಮ್ಮ. ಹಾಕ್ತಿದೀರಾ?"

"ಇಲ್ರಿ. ನೇಮ ಇತ್ತು."

"ಎಷ್ಟು ದಿನದಿಂದ ಬಿಟ್ಟಿದ್ದೀರಿ?"

"ನೂರಾ ನಲವತ್ತನಾಕು ದಿನ ಆತ್ರಿ. ಒಂದಿನಾನೂ ತಪ್ಪಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಎಡಗಣ್ಣು ಹೋಗಿತ್ತು. ಬಲಗಣ್ಣಿನಲ್ಲಿ ಉಳಿದದ್ದು ಸೂಜಿಯ ಕಣ್ಣಿನಷ್ಟು, ಅದೂ ಮಂಜುಮಂಜು. ಹೋದದ್ದು ಬರುವುದಿಲ್ಲ ಎಂಬುದನ್ನು ಅವರು ಹೇಳುವ ಮೊದಲೇ ಹೊನ್ನೂರಮ್ಮ ಹೇಳಿದಳು. ಆ ಮಾತು ಆಕೆಗೆ ಬಾಯಿಪಾಠವಿತ್ತು.

ಸುದ್ದಿ ಕೇಳಿ ಬಂಗಾರಪ್ಪ ಕುರಿಯನ್ನು ಮಗನ ಕೈಗೆ ಬಿಟ್ಟು ಬಂದ. ಬಂದ ಮರುದಿನ ಪ್ರೆಸ್ಸಿಗೆ ಬಂದು ಹೊಸ್ತಿಲಲ್ಲೇ ಕೂತ. ಒಳಗೆ ಬಾ ಎಂದರೆ ಕಂಬಳಿಯ ವಾಸನೆ ನಿಮ್ಮ ಕಾಗದಕ್ಕೆ ಹತ್ತುತ್ತದೆ ಎಂದ. ರುಮಾಲಿನಿಂದ ನಾಲ್ಕು ಮಡಿಕೆ ಮಾಡಿದ ಕರಪತ್ರ ತೆಗೆದ.

"ನಂಗ ಓದಾಕ ಬರಂಗಿಲ್ಲ. ಇದ್ರಾಗ ಏನೈತಿ ಅಷ್ಟೂ ಓದ್ರಿ."

ಓದಿದೆ. ಆ ವಾಕ್ಯಕ್ಕೆ ಬಂದಾಗ ಕೈ ಎತ್ತಿ ತಡೆದ.

"ಅದನ್ನ ಇನ್ನೊಮ್ಮಿ ಓದ್ರಿ."

ಓದಿದೆ. ಗಟ್ಟಿಯಾಗಿ ಓದುವಾಗ ಅದು ಎಷ್ಟು ಉದ್ದವಿತ್ತೆಂದರೆ ನಡುವೆ ಉಸಿರು ತೆಗೆದುಕೊಳ್ಳಬೇಕಾಯಿತು.

"ಯಾರು ಬರದದ್ದು ಇದು?"

"ಕೇಂದ್ರದವ್ರದು," ಎಂದೆ. ಕೊನೆಯ ಸಾಲನ್ನು ನಾನು ಓದಿರಲಿಲ್ಲ.

ಬಂಗಾರಪ್ಪ ತಲೆಯಾಡಿಸಿದ. ಕಾಗದವನ್ನು ಅದೇ ಮಡಿಕೆಗಳ ಮೇಲೆ ಮಡಚಿ ರುಮಾಲಿನೊಳಗಿಟ್ಟು ಎದ್ದ. "ಮುಳ್ಳು ಹೊಕ್ರ ನಾನು ಕಾಲು ನೋಡ್ಕೊಂಡೆ," ಎಂದ. "ಆಕಿ ಏನು ನೋಡ್ಕೋಬೇಕಿತ್ತು?" ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಮನೆಗೆ ಹೋಗಿ ಸೊಸೆಯ ಕೈಗೆ ಕಾಗದ ಕೊಟ್ಟಿರುತ್ತಾನೆ. ಏಳನೇ ಇಯತ್ತೆ ಓದಿದವಳಿಗೆ ಕೊನೆಯ ಸಾಲು ಓದಲು ಕಷ್ಟವಿಲ್ಲ. ನನ್ನ ಹೆಸರನ್ನು ದಪ್ಪ ಅಕ್ಷರದಲ್ಲೇ ಹಾಕಿಕೊಂಡಿದ್ದೆ.

ಧ್ಯಾನ ಕೇಂದ್ರ ಈಗಲೂ ನಡೆಯುತ್ತಿದೆ. ಮೇಣದ ಹೊಗೆ ಕಣ್ಣಿಗೆ ಒಳ್ಳೆಯದಲ್ಲ ಎಂದು ಗುರುಬಸವರಾಜರು ಬ್ಯಾಟರಿಯ ಬತ್ತಿಗಳನ್ನು ತರಿಸಿದ್ದಾರೆ. ಅವು ವಾಲುವುದಿಲ್ಲ, ಅಳುವುದೂ ಇಲ್ಲ. ಹೊಸ ಕರಪತ್ರವನ್ನೂ ನಾನೇ ಅಚ್ಚು ಹಾಕಿದೆ. "ಕಣ್ಣಿನ ತೊಂದರೆ ಇರುವವರು ವೈದ್ಯರನ್ನು ಕೇಳಿ" ಎಂಬ ಸಾಲು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಕೆಳಗಿದೆ. ಅದರ ಕೆಳಗೆ ಇರಬೇಕಾದ ಹೆಸರು ಈ ಸಲ ಇಲ್ಲ.

ಕಳೆದ ತಿಂಗಳು ಕಲ್ಯಾಣಮ್ಮ ನೂಕಿದ್ದರಿಂದ ಹೊನ್ನೂರಮ್ಮನ ಮನೆಗೆ ಹೋದೆ. ಸಂಜೆಯ ಅದೇ ಹೊತ್ತು, ಅದೇ ಅರ್ಧ ತೆರೆದ ಬಾಗಿಲು. ರೇಣುಕಾ ಅಚ್ಚಿಗೆ ನೂಲು ಪೋಣಿಸುತ್ತಿದ್ದಳು. ನನ್ನನ್ನು ನೋಡಿ ಬರ್ರಿ ಎನ್ನಲಿಲ್ಲ. ಹೊನ್ನೂರಮ್ಮ ತಣ್ಣಗಾದ ಬತ್ತಿಗಳನ್ನು ಒಂದೊಂದೇ ಎತ್ತಿ, ಹೆಬ್ಬೆರಳಿನಿಂದ ಬುಡ ಸವರಿ, ನೂಲು ನಡುವೆ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ನಾಲ್ಕರಲ್ಲಿ ಒಂದನ್ನು ಕರಗಿಸುವ ಬುಟ್ಟಿಗೆ ಹಾಕುತ್ತಿದ್ದಳು. ಮಡಕೆಯ ಬುಡದ ಮರಳು ಹಸಿಯಾಗಿತ್ತು. ಹನಿ ಮತ್ತೆ ಶುರುವಾಗಿದೆ, ಉಳಿದ ಸೂಜಿಯ ಕಣ್ಣಿಗೆ.

"ಯಾರು, ಪ್ರೆಸ್ಸಿನ ಅಣ್ಣಾರಾ?" ಎಂದಳು. ಚಪ್ಪಲಿಯ ಸದ್ದಿನಿಂದ ಗುರುತು ಹಿಡಿದಿದ್ದಳು. "ಕುಂದರ್ರಿ. ಚಪ್ಪಲಿ ಬಿಡೂದೇನು ಬ್ಯಾಡ."

ಕೂತೆ. ಹೇಳ ಬಂದದ್ದು ಬೇರೆ ಇತ್ತು. ದಾರಿಯುದ್ದಕ್ಕೂ ಆ ಮಾತು ಕಟ್ಟಿಕೊಂಡು ಬಂದಿದ್ದೆ: ಆ ಸಾಲು ನಾನು ಬರೆದದ್ದು, ಕಾಡಿಗೆಗೆ ಅಷ್ಟೇ ಇತ್ತು ಎಂದು. ರೇಣುಕಾ ನೂಲು ಪೋಣಿಸುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಎರಡು ಪದ ಹೇಳಬೇಕಾದಲ್ಲೆಲ್ಲ ದೊಡ್ಡ ಮಾತು ಹುಡುಕುವ ನನ್ನ ನಾಲಿಗೆ ಆಗಲೂ ಅದನ್ನೇ ಮಾಡಿತು.

"ಹೊನ್ನೂರಮ್ಮ," ಎಂದೆ, "ಹೊರಗಿನ ಕಣ್ಣು ಮುಚ್ಚಿದ ಮ್ಯಾಲ, ಒಳಗಣ್ಣು ಏನಾರ ತೆರದೈತೇನು?"

ಆಕೆ ಕೈಯಲ್ಲಿದ್ದ ಬತ್ತಿಯ ಬುಡ ಸವರಿ, ಅದನ್ನು ಕರಗಿಸುವ ಬುಟ್ಟಿಗೆ ಎಸೆದಳು.

"ಒಳಗಣ್ಣಿಲೆ ನೂಲು ಪೋಣಿಸಾಕ ಬರಂಗಿಲ್ರಿ. ಅದಕ್ಕ ಹೊರಗಿನ್ವ ಬೇಕಿದ್ವು."